ಹನ್ನೆರಡು ನಿಮಿಷದ ಮಾತು

“ಸ್ಟಾಪ್” ಎಂದಳು ರಮ್ಯಶ್ರೀ.

ಗೌತಮನ ಕಂಪನಿಯಲ್ಲಿ ದಿನದ ಮೀಟಿಂಗು ನಿಂತೇ ನಡೆಯುತ್ತಿತ್ತು. ಕುರ್ಚಿಯಿಲ್ಲ, ಒಬ್ಬೊಬ್ಬರಿಗೆ ಒಂದೇ ನಿಮಿಷ. ಯಾರಾದರೂ ಸ್ಟಾಪ್ ಅಂದರೆ ಹಿಡಿದ ಕೆಲಸ ಅಲ್ಲಿಗೇ ನಿಲ್ಲಬೇಕು, ಅಂದವರು ನಿನ್ನೆ ಸೇರಿದವರಾದರೂ ಸರಿಯೆ. ನಿಯಮ ಮಾಡಿದವನು ಅವನೇ. ಎರಡು ವರ್ಷದಲ್ಲಿ ಒಬ್ಬರೂ ಆ ಮಾತು ಆಡಿರಲಿಲ್ಲವಾದ್ದರಿಂದ ಅದು ಒಳ್ಳೆಯ ನಿಯಮವೆಂದೇ ಅವನು ನಂಬಿದ್ದ.

ಹಾಲು, ಸೊಪ್ಪು, ದಿನಸಿ ಹನ್ನೆರಡೇ ನಿಮಿಷದಲ್ಲಿ ಮನೆಬಾಗಿಲಿಗೆ ಎಂದು ಮಾತು ಕೊಟ್ಟು ನಾಳೆ ಬೆಳಿಗ್ಗೆ ಆ್ಯಪ್ ಶುರುವಾಗುವುದಿತ್ತು. ಕಾಮಾಕ್ಷಿಪಾಳ್ಯದಿಂದ ಹೆಗ್ಗನಹಳ್ಳಿಯವರೆಗೆ ಆಟೋಗಳ ಬೆನ್ನಿಗೆಲ್ಲ ಜಾಹೀರಾತು ಅಂಟಿಸಿಯಾಗಿತ್ತು. ಬಂಡವಾಳ ಹಾಕಿದವರು ಉದ್ಘಾಟನೆ ನೋಡಲು ಆಗಲೇ ಹೋಟೆಲಿಗೆ ಬಂದಿಳಿದಿದ್ದರು. ನಾಳೆ ತಪ್ಪಿದರೆ ಅವರು ಇನ್ನೊಂದು ಕಂಪನಿಯ ಕೈ ಹಿಡಿಯುವುದು ಖಚಿತ.

ಆ್ಯಪ್ ಪರೀಕ್ಷಿಸುವುದು ರಮ್ಯಶ್ರೀಯ ಕೆಲಸ. ಅವಳು ಗಟ್ಟಿಯಾಗಿ ಮಾತಾಡುವವಳಲ್ಲ. “ಹನ್ನೆರಡು ಅಂತ ನಾವು ಅಳೆದಿದ್ದು ಭಾನುವಾರ ಬೆಳಿಗ್ಗೆ, ಗೌತಮ್. ಬೈಕಲ್ಲಿ ಹೋಗಿ, ಇಡ್ಲಿ ತಿಂದು ಬಂದ್ವಿ. ಆ ಹೊತ್ತಲ್ಲಿ ಮಾಗಡಿ ರೋಡಲ್ಲಿ ನಾಯಿಗಳೂ ಎದ್ದಿರಲ್ಲ.”

“ವಾರದಿಂದ ಸಂಜೆ ಹೊತ್ತೇ ಟ್ರಯಲ್ ನಡೀತಿದೆಯಲ್ಲ? ಡೆಲಿವರಿ ರೈಡರ್‌ಗಳು ಒಂದು ಆರ್ಡರೂ ಲೇಟ್ ಮಾಡಿಲ್ಲ.”

“ಮಾಡಿಲ್ಲ. ಹೇಗೆ ಅಂತ ಅವರನ್ನ ಕೇಳಿದೀವಾ?”

ಗೌತಮ್ ನಕ್ಕ. ಅವನಿಗೆ ಸಿಟ್ಟು ಬರಲಿಲ್ಲ. ಗೆಲ್ಲುತ್ತೇನೆಂದು ಗೊತ್ತಿರುವವನಿಗೆ ಸಿಟ್ಟು ಯಾಕೆ ಬರಬೇಕು? ತಾನೇ ರೈಡರ್ ಹಿಂದೆ ಕೂತು ಹೋಗಿ ನೋಡುವುದಾಗಿಯೂ, ಹನ್ನೆರಡರೊಳಗೆ ತಲುಪಿದರೆ ಅವಳು ತನ್ನ ಮಾತು ವಾಪಸ್ ತೆಗೆದುಕೊಳ್ಳಬೇಕೆಂದೂ, ಇಲ್ಲವಾದರೆ ನಾಳೆಯ ಉದ್ಘಾಟನೆ ನಿಲ್ಲುವುದೆಂದೂ ಹೇಳಿದ. ಅವಳು ಒಪ್ಪಿದಳು.

ಸಂಜೆ ಆರೂಕಾಲಿಗೆ ಹೊರಟರು. ಬೈಕು ಬಾದಾಮಿ ಕಡೆಯ ರೈಡರ್ ಶಿವಯೋಗಿಯದು. ಹೆಗ್ಗನಹಳ್ಳಿಯ ಒಂದು ಮನೆಗೆ ಹಾಲು, ಕೊತ್ತಂಬರಿ. ಚೀಲ ಗೌತಮನ ತೊಡೆಯ ಮೇಲೆ, ಕೈಯಲ್ಲಿ ಗಡಿಯಾರ ಓಡುತ್ತಿದ್ದ ಮೊಬೈಲು. ಸುಮನಹಳ್ಳಿ ಜಂಕ್ಷನ್ ದಾಟುವಷ್ಟರಲ್ಲಿ ಆರು ನಿಮಿಷ ಮುಗಿದಿತ್ತು. ಸುಂಕದಕಟ್ಟೆಯ ಹತ್ತಿರ ಬಸ್ಸು, ಲಾರಿ, ಆಟೋ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಶಿವಯೋಗಿ ಕಾಲೂರಿ ಶಿಸ್ತಾಗಿ ನಿಂತ. ಏಳು. ಎಂಟು. ಕನ್ನಡಿಯಲ್ಲಿ ಒಮ್ಮೆ ಸಾಹೇಬರ ಮುಖ ನೋಡಿ ಮತ್ತೆ ಮುಂದೆ ನೋಡಿದ.

“ದಿನಾ ಏನ್ ಮಾಡ್ತೀರ ಇಲ್ಲಿ?” ಗೌತಮ್ ಕೇಳಿದ.

“ಇವತ್ತ ನೀವ್ ಅದೀರಲ್ರಿ ಸರ.”

“ನಾನು ಇಲ್ಲ ಅಂದ್ಕೊಳ್ಳಿ.”

ಶಿವಯೋಗಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಬೈಕು ಫುಟ್‌ಪಾತ್ ಹತ್ತಿತು. ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಹೊರಬಿದ್ದ ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ಹಾರ್ನ್ ಕೇಳಿ ಒಬ್ಬರೂ ಹಿಂದೆ ತಿರುಗಲಿಲ್ಲ, ಒಬ್ಬರೂ ಬೈಯಲಿಲ್ಲ. ಸುಮ್ಮನೆ ಅಂಗಡಿಗಳ ಷಟರ್‌ಗೆ ಬೆನ್ನು ಹಚ್ಚಿ ನಿಂತುಬಿಟ್ಟರು. ಒಬ್ಬಾಕೆಯ ಜೊತೆ ಮೂರೋ ನಾಲ್ಕೋ ವರ್ಷದ ಮಗುವಿತ್ತು. ತಾಯಿ ಎಳೆಯುವ ಮೊದಲೇ ಅದು ತಾನಾಗಿ ಗೋಡೆಗೆ ಆತುಕೊಂಡು ಹೊಟ್ಟೆ ಒಳಗೆಳೆದುಕೊಂಡಿತು. ಗೌತಮನ ಮಂಡಿಗೂ ಅದರ ಮೂಗಿಗೂ ನಡುವೆ ಒಂದು ಗೇಣು ಇದ್ದಿರಬಹುದು.

ಹೆಗ್ಗನಹಳ್ಳಿಯ ಮನೆಯ ಯಶೋದಮ್ಮ ಚೀಲ ಇಸಿದುಕೊಳ್ಳುತ್ತ, “ಇಷ್ಟ್ ಬೇಗ ಬೇಕಿರ್ಲಿಲ್ಲ ಕಣಪ್ಪ, ಇನ್ನೂ ಒಲೇನೇ ಹಚ್ಚಿಲ್ಲ” ಅಂದರು.

“ಹನ್ನೊಂದು ನಿಮಿಷ ನಲವತ್ತು ಸೆಕೆಂಡ್ರಿ ಸರ” ಎಂದ ಶಿವಯೋಗಿ. ಅವನ ದನಿಯಲ್ಲಿ ಹೆಮ್ಮೆಯಿತ್ತು. ಇರಬೇಕಾದ್ದೇ.

ಗೌತಮ್ ಮೊಬೈಲ್ ನೋಡಿದ. ಲೆಕ್ಕ ಸರಿಯಾಗಿತ್ತು, ಗೆದ್ದಿದ್ದ. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಆ ಕಡೆ ಸ್ಪೀಕರ್ ಹಾಕಿದ್ದರು. ಎಲ್ಲರೂ ಇನ್ನೂ ನಿಂತೇ ಕಾಯುತ್ತಿದ್ದರು.

“ತಲುಪಿದ್ರಾ ಗೌತಮ್?” ರಮ್ಯಶ್ರೀಯ ದನಿ. “ಎಷ್ಟಾಯ್ತು?”

ಅವನು ತನ್ನ ಮಂಡಿಯನ್ನೊಮ್ಮೆ ನೋಡಿಕೊಂಡ. ಆಮೇಲೆ, ಯಾವ ಅನುಮಾನಕ್ಕೂ ಎಡೆಯಿಲ್ಲದ ತನ್ನ ಎಂದಿನ ದನಿಯಲ್ಲೇ, “ಇಪ್ಪತ್ತೆರಡು” ಎಂದ.