ಪದ್ಯಕ್ಕೆ ಕರೆಂಟಿಲ್ಲದ ಹೊತ್ತು

"ಇದು ಪಾಠಯೋಜನೇನೋ, ಕರೆಂಟ್ ಆಫೀಸಿನ ಬೋರ್ಡೋ, ಬಾಯಾರ?" ಎಂದು ಹೆಡ್‌ಮಾಸ್ತರ ಬಸಗೊಂಡಪ್ಪನವರು ಒಂಬತ್ತನೇ ತರಗತಿಯ ಇಂಗ್ಲಿಷ್ ವಹಿಯನ್ನು ರಾಧಿಕಾ ಟೀಚರ್ ಎದುರು ಮೇಜಿನ ಮೇಲೆ ಕುಕ್ಕಿದರು. ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಎರಡನೇ ಪಿರಿಯಡ್ಡು. ಆಕೆ ಈ ವಾರದ ಯೋಜನೆಯಲ್ಲಿ ಪದ್ಯವನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿದ್ದಳು. ಹೋದ ವಾರ ಪದ್ಯದ ಪಾಠ ಬೆಳಗಿನ ಹೊತ್ತಿನಲ್ಲಿತ್ತು.

"ಈ ವಾರ ಮುಂಜಾನೆ ಕರೆಂಟ್ ಐತ್ರಿ ಸರ್. ಕರೆಂಟ್ ಬಂದ್ರ ಮಗ್ಗ ನಡೀತಾವ. ಮಗ್ಗ ನಡದ್ರ ನನ್ನ ಕ್ಲಾಸಿನ್ಯಾಗ ಅರ್ಧ ಬೆಂಚು ಖಾಲಿ."

"ಬಂದವರಿಗೆ ಕಲಸ್ರಿ."

"ಗದ್ಯ ಕಲಸ್ತೇನ್ರಿ. ತಪ್ಪಿಸಿಕೊಂಡವರು ಗೈಡ್ ಓದಿ ಪಾಸಾಗ್ತಾರ. ಪದ್ಯ ಹಂಗಲ್ಲ, ಕಿವಿಗೆ ಬೀಳಬೇಕು."

ಬನಹಟ್ಟಿಯ ಆ ಓಣಿಯಲ್ಲಿ ಶಾಲೆಯ ಕಾಂಪೌಂಡಿಗೆ ಹತ್ತಿಕೊಂಡೇ ಪವರ್‌ಲೂಮ್ ಶೆಡ್ಡುಗಳಿವೆ. ಆ ವರ್ಷ ಮಗ್ಗಗಳಿಗೆ ಪಾಳಿಯ ಮೇಲೆ ಕರೆಂಟು ಬಿಡುತ್ತಿದ್ದರು: ಒಂದು ವಾರ ಮುಂಜಾನೆ, ಮುಂದಿನ ವಾರ ಮಧ್ಯಾಹ್ನ. ಕರೆಂಟು ಬಂತೆಂದರೆ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡಲು ಅವ್ವ-ಅಪ್ಪನ ಜೊತೆ ಮಕ್ಕಳೂ ಶೆಡ್ಡಿಗೆ ಇಳಿಯಬೇಕು. ಆ ಶೆಡ್ಡುಗಳಲ್ಲಿ ಹೆಚ್ಚಿನವು ರಾಚಪ್ಪನವು. ಶಾಲೆಯ ಚೇರ್ಮನ್ನನೂ ಅವನೇ. ಜೂನ್ ತಿಂಗಳಲ್ಲಿ ರಾಧಿಕಾ ಅವನ ಮನೆಗೇ ಹೋಗಿ, ವಾರದಲ್ಲಿ ಎರಡು ಪಿರಿಯಡ್ಡಿನ ಮಟ್ಟಿಗೆ ಮಕ್ಕಳನ್ನು ಬಿಡಿಸಿಕೊಡಿ ಎಂದು ಕೇಳಿದ್ದಳು. ರಾಚಪ್ಪ ಚಹಾ ಕುಡಿಸಿ, "ಕಂಡಿಕಿ ಇಲ್ಲಂದ್ರ ಮಗ್ಗ ನಿಂತಂಗ. ಮಗ್ಗ ನಿಂತ್ರ ಊರಽ ನಿಂತಂಗ, ಬಾಯಾರ. ನಿಮಗ ತಿಳಿಯೂದಿಲ್ಲ, ನೀವು ಜಮಖಂಡಿಯವರು" ಎಂದು ಕಳಿಸಿದ್ದ. ಅಂದಿನಿಂದ ಆಕೆ ಪ್ರತಿ ಶನಿವಾರ ಕರೆಂಟಿನ ಪಾಳಿ ಕೇಳಿಕೊಂಡು, ಗಣಿತದ ಮಾಸ್ತರರೊಡನೆ ಪಿರಿಯಡ್ಡು ಅದಲು ಬದಲು ಮಾಡಿಕೊಂಡು ಯೋಜನೆ ಬರೆಯುತ್ತಿದ್ದಳು.

"ಅದೆಲ್ಲಾ ಇರಲಿ," ಬಸಗೊಂಡಪ್ಪನವರು ದನಿ ಇಳಿಸಿದರು. "ಗುರುವಾರ ಹನ್ನೊಂದಕ್ಕ ಸಾಲಿ ತಪಾಸಣಿಗೆ ಸಾಹೇಬ್ರು ಬರ್ತಾರ. ನಿಮ್ಮ ಕ್ಲಾಸಽ ನೋಡವ್ರು. ಪದ್ಯಾನ ತಗೋರಿ."

"ಹುಡುಗ್ರನ್ನ ಎಲ್ಲಿಂದ ತರೂದ್ರಿ?"

"ಅದು ನನಗ ಬಿಡ್ರಿ. ಚೇರ್ಮನ್ನರಿಗೆ ಹೇಳೇನಿ."

ಗುರುವಾರ ಹತ್ತೂವರೆಗೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಗಪ್ಪಾದವು. ಕರೆಂಟು ಹೋಗಿರಲಿಲ್ಲ, ತರಗತಿಯ ಫ್ಯಾನು ತಿರುಗುತ್ತಲೇ ಇತ್ತು. ಕೂದಲಿಗೆ, ಹುಬ್ಬಿಗೆ ಹತ್ತಿಯ ಧೂಳು ಮೆತ್ತಿಕೊಂಡ ಹುಡುಗ ಹುಡುಗಿಯರು ಸಾಲಾಗಿ ಬಂದು ಬೆಂಚು ತುಂಬಿದರು. ರಾಧಿಕಾಳಿಗೆ ನೆತ್ತಿಗೇರಿದ ಸಿಟ್ಟನ್ನು ಹಾಜರಿ ಕೂಗುತ್ತ ನುಂಗಬೇಕಾಯಿತು. ಆದರೆ ಪದ್ಯ ಓದತೊಡಗಿದ ಮೇಲೆ ಆಕೆ ಹಿಂದೆ ಬಂದು ಕುಳಿತಿದ್ದ ಸಾಹೇಬರನ್ನೂ ಮರೆತಳು. ಬಿರುಗಾಳಿಯ ರಾತ್ರಿ ಅಂಬಿಗನ ಮಗಳೊಬ್ಬಳು ದಂಡೆಯಲ್ಲಿ ಕಂದೀಲು ಹಿಡಿದು ಅಪ್ಪನ ದೋಣಿಗಾಗಿ ಕಾಯುವ ಪದ್ಯ. ರಬಕವಿಯ ಹತ್ತಿರ ಹೊಳೆಯನ್ನು ದೋಣಿಯಲ್ಲಿ ದಾಟಿದ ಮಕ್ಕಳು ಅವು. ಇಂಗ್ಲಿಷು ಅರ್ಧ ತಿಳಿದರೂ ಅಂಜಿಕೆ ಪೂರ್ತಿ ತಿಳಿಯಿತು. ಪದ್ಯದ ಮೂರನೇ ನುಡಿಗೆ ಕಂದೀಲು ಆರಿತು. ಒಂದು ಬೆಂಚೂ ಕಿರ್ರೆನ್ನಲಿಲ್ಲ.

ಅಷ್ಟಕ್ಕೇ ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. "ಭಾಳ ಛಲೋ ಐತ್ರಿ. ಮುಖ್ಯ ಏನಂದ್ರ, ಹಾಜರಾತಿ. ಹಿಂಗ ಎಲ್ಲೀನೂ ಕಂಡಿಲ್ಲ." ಬಸಗೊಂಡಪ್ಪನವರು ಮುಂದೆ, ಸಾಹೇಬರು ಹಿಂದೆ. ಜೀಪು ಹೊರಟಿತು.

ಧೂಳು ಇನ್ನೂ ಕೆಳಗಿಳಿದಿರಲಿಲ್ಲ, ಮಗ್ಗಗಳು ಶುರುವಾದವು. ಯಾರೂ ಏಳಿ ಎನ್ನಲಿಲ್ಲ. ಮಕ್ಕಳು ತಾವಾಗಿಯೇ ಚೀಲ ಹೆಗಲಿಗೇರಿಸಿದರು. ಪ್ರೀತಿ ಎಂಬ ಹುಡುಗಿ ಮಾತ್ರ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ಸದ್ದಿನಲ್ಲಿ ಕೇಳಿಸಲಿಲ್ಲ. ಹತ್ತಿರ ಬಂದು ಕೂಗಿದಳು: "ದೋಣಿ ಬಂತೇನ್ರಿ, ಟೀಚರ್?"

"ಕುಂಡ್ರು, ಓದ್ತೇನಿ."

"ಅವ್ವ ಬೈತಾಳ್ರಿ," ಎನ್ನುತ್ತಲೇ ಓಡಿದಳು.

ರಾಧಿಕಾ ಪುಸ್ತಕ ಹಿಡಿದುಕೊಂಡೇ ಗೇಟಿಗೆ ಬಂದಳು. ಸಾಹೇಬರನ್ನು ಕಳಿಸಿದ ರಾಚಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಇವತ್ತ ಮಗ್ಗ ನಿಂತಿದ್ವು. ಊರು ನಿಂತಿತ್ತೇನ್ರಿ?"

"ಏ, ಸಾಹೇಬ್ರು ಬಂದಿದ್ರಲ್ರಿ, ಬಾಯಾರ," ರಾಚಪ್ಪ ನಕ್ಕ. "ಮರ್ಯಾದಿ ಪ್ರಶ್ನೆ."

"ಯಾರ ಮರ್ಯಾದಿ?"

"ಸಾಲಿದು. ನಿಮ್ದೂ ಅದರಾಗ ಬಂತು. ನಿಮ್ಮನ್ನ ಎಷ್ಟ್ ಹೊಗಳಿ ಹೋದ್ರು ಗೊತ್ತೈತೇನು?"

"ಇನ್ನ ಹತ್ತು ಮಿನಿಟ್ ಬಿಟ್ಟಿದ್ರ ಪದ್ಯ ಮುಗೀತಿತ್ತು."

"ಇನ್ನೇನ್ರಿ, ನೋಡವ್ರಽ ಹೋದ್ರಲ್ಲ!" ಎಂದು ರಾಚಪ್ಪ ಅಡಿಕೆ ಚೀಲದ ದಾರ ಎಳೆದ.

ಆಕೆ ಸೀದಾ ಹೆಡ್‌ಮಾಸ್ತರರ ಕೋಣೆಗೆ ಹೋದಳು. ಬಸಗೊಂಡಪ್ಪನವರು ಸಾಹೇಬರಿಗೆ ತರಿಸಿ ಉಳಿದಿದ್ದ ಬಾಳೆಹಣ್ಣು ಸುಲಿಯುತ್ತಿದ್ದರು. "ಬರ್ರಿ ಬರ್ರಿ, ಹೆಸರು ತಂದ್ರಿ ಸಾಲಿಗೆ. ನಾಳಿನ ಪಾಠ ಬರದು ಕೊಡ್ರಿ, ಈಗಽ ಸಹಿ ಮಾಡ್ತೇನಿ. ಟೈಮ್ ಟೇಬಲ್ ಪ್ರಕಾರ ಬರೀರಿ ಮತ್ತ."

ರಾಧಿಕಾ ನಿಂತೇ ಬರೆದಳು. ಎಷ್ಟು ಒತ್ತಿ ಬರೆದಳೆಂದರೆ ಕೆಳಗಿನ ಎರಡು ಹಾಳೆಯ ಮೇಲೂ ಅಕ್ಷರ ಮೂಡಿದವು. ವಹಿಯನ್ನು ಅವರತ್ತ ತಿರುಗಿಸಿ ಪೆನ್ನು ಕೊಟ್ಟಳು. ಬಸಗೊಂಡಪ್ಪನವರು ಬಾಳೆಹಣ್ಣು ಬಾಯಲ್ಲಿಟ್ಟುಕೊಂಡೇ ಓದಿದರು. ವಾರ: ಶುಕ್ರವಾರ. ಪಿರಿಯಡ್: ಎರಡನೆಯದು. ವಿಷಯ: ಪದ್ಯದ ಕೊನೆಯ ನುಡಿ. ಬೇಕಾಗುವ ಬೋಧನೋಪಕರಣ: ಸಾಹೇಬರು ಒಬ್ಬರು, ಪದ್ಯ ಮುಗಿಯುವ ತನಕ.