ಮಂಡಿಗೆ ಕಲಿಸಿದ್ದು

ಜೈಬುನ್ನಿಸಾ ಹನ್ನೊಂದು ವರ್ಷದಿಂದ ಕುರ್ಚಿಯ ಮೇಲೆ ಕೂತೇ ನಮಾಜು ಮಾಡುತ್ತಿದ್ದಳು. ನೆಲದ ಮೇಲೆ ಕೂತು ನಲವತ್ತು ವರ್ಷ ಬೀಡಿ ಕಟ್ಟಿ ಮಂಡಿಯ ಮೆದುಮೂಳೆ ಸವೆದುಹೋಗಿತ್ತು. ನೆಲಕ್ಕೆ ಹಣೆ ಹಚ್ಚುವ ಸಜ್ದಾ ಮಾಡಲು ಬಗ್ಗಿದರೆ ಹಣೆ ಗಾಳಿಯಲ್ಲೇ ನಿಲ್ಲುತ್ತಿತ್ತು.

ಒಂದು ಬುಧವಾರ ವಾರ್ಡಿನ ಆಸ್ಪತ್ರೆಯಲ್ಲಿ ಅವಳ ಸರದಿ ಬಂತು. ಅಲ್ಲಿ ಮಂಡಿಗೆ ಚುಚ್ಚುವ ಜೆಲ್ಲಿನ ನ್ಯಾನೊ ಕಣಗಳು ಹೊಸ ಮೆದುಮೂಳೆ ಬೆಳೆಸುತ್ತಿದ್ದವು. ಆದರೆ ಮೊದಲ ವಾರ ಮಂಡಿಗೆ ಯಾವ ಒಂದು ಚಲನೆ ಕಲಿಸುತ್ತಿದ್ದರೋ, ಮುಂದೆ ಅದೊಂದೇ ನೋವಿಲ್ಲದೆ ಬರುತ್ತಿತ್ತು. ಊರಿನವರೆಲ್ಲ ನಡಿಗೆಯನ್ನೇ ಕೇಳುತ್ತಿದ್ದರು.

"ನಡೆಯೋದು ಅಂತ ಬರ್ಕೊಳ್ಳಿ ಸಿಸ್ಟರ್," ಎಂದಳು ಮಗಳು ಶಾಹೀನ್. "ನಮ್ಮನೆ ಮೂರನೇ ಮಹಡಿ. ಅಮ್ಮಿ ಒಂದ್ಸಲಾನೂ ಹತ್ತಿ ಬಂದಿಲ್ಲ."

"ಬೇಡಮ್ಮಾ, ಮಂಡಿ ಮಡಚೋದು ಅಂತ ಬರ್ಕೊಳ್ಳಿ," ಎಂದಳು ಜೈಬುನ್ನಿಸಾ. ಮಗಳ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಶಾಹೀನ್ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬಂದು, ತಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಮಡಚಿಸತೊಡಗಿದಳು.

ಎಂಟನೆಯ ದಿನ ಮಧ್ಯಾಹ್ನ ಜೈಬುನ್ನಿಸಾ ಚಾಪೆಯ ಮೇಲೆ ಮಂಡಿಯೂರಿ ನಮಾಜು ಮಾಡಿದಳು. ಮುಗಿದ ಮೇಲೂ ಮತ್ತೊಮ್ಮೆ ಬಗ್ಗಿ, ಹಣೆಯನ್ನು ನೆಲಕ್ಕೊತ್ತಿ ಹಾಗೆಯೇ ಉಳಿದಳು. ಬಾಗಿಲಲ್ಲಿದ್ದ ಶಾಹೀನ್ ಗಾಬರಿಯಾದಳು.

"ಅಮ್ಮೀ, ಏಳೋಕೆ ಆಗ್ತಿಲ್ವಾ?"

"ಆಗ್ತದೆ ಬೇಟಾ," ಎಂದಿತು ನೆಲಕ್ಕೆ ತಾಗಿದ ದನಿ. "ಇನ್ನೊಂಚೂರು ಹೊತ್ತು ಇರ್ತೀನಿ."