ಚರಗದ ದಾರಿ

“ಮೂಲಿಗಲ್ಲು ಸಿಗಲಿಲ್ಲಂದ್ರ ನಾ ಗೆರಿ ಹಾಕಂಗಿಲ್ರಿ ಸಾವ್ಕಾರ್ರ,” ಎಂದ ಸರ್ವೇಯರ್ ವಿಠ್ಠಲ್, ಅಗೆದ ಗುಂಡಿಯಿಂದ ಮೇಲೆದ್ದು ಕೈ ಕೊಡವಿಕೊಳ್ಳುತ್ತಾ. ಹೊಲದ ಮಾಲೀಕ ಕಲ್ಯಾಣಪ್ಪ ಗುಂಡಿಯೊಳಗೆ ಇಣುಕಿ, “ಇಲ್ಲೇ ಇತ್ತಲ್ರಿ, ಎಲ್ಲಿ ಹೋಯ್ತೋ ಏನೋ,” ಎಂದ. ಎಲ್ಲಿ ಹೋಗುತ್ತದೆ ಪಾಪ, ಅವನೇ ಕಿತ್ತು ಪಾಳುಬಾವಿಗೆ ಉರುಳಿಸಿದ ಗಡಿಕಲ್ಲು ಬಾವಿಯ ತಳದಲ್ಲೇ ಬಿದ್ದಿತ್ತು.

ಕಲ್ಲು ಹೋದ ಮೇಲೆ ನೇಗಿಲು ಸುಮ್ಮನಿರಲಿಲ್ಲ. ವರ್ಷಕ್ಕೊಂದು ಸಾಲಿನಂತೆ ಪಕ್ಕದ ಅನಸೂಯಾಬಾಯಿಯವರ ಹೊಲದೊಳಕ್ಕೆ ಸರಿಯುತ್ತಾ ಹೋಗಿ, ರಸ್ತೆಯತನಕ ಒಂದು ಉದ್ದನೆಯ ಪಟ್ಟಿಯೇ ಕಲ್ಯಾಣಪ್ಪನ ಜೋಳದ ಕೆಳಗೆ ಬಂದಿತ್ತು. ಶಹಾಬಾದಿನ ಬಿಲ್ಡರ್ ಶೌಕತ ಅಲಿಗೆ ಬೇಕಾದದ್ದೂ ಅದೇ ಪಟ್ಟಿ. ಆದಿತ್ಯನಗರದ ಫ್ಯಾಕ್ಟರಿ ಮಂದಿಗೆ ಪ್ಲಾಟು ಹಾಕುವವನು ಅವನು. ಪಟ್ಟಿ ಸೇರಿದರೆ ಲೇಔಟಿಗೆ ಮೂವತ್ತಡಿ ರಸ್ತೆ, ಸೇರದಿದ್ದರೆ ಬರೀ ಬಂಡಿ ದಾರಿ. ಬಂಡಿ ದಾರಿಯ ಹೊಲ ತನಗೆ ಬೇಡವೇ ಬೇಡ ಎಂದು ಹೇಳಿಯೇ ವಿಠ್ಠಲನನ್ನು ಅಳೆಯಲು ಕಳಿಸಿದ್ದ. ಇತ್ತ ಕಲ್ಯಾಣಪ್ಪ ಹೊಲ ಮಾರಿ ಬರುವ ದುಡ್ಡು ನೆಚ್ಚಿಕೊಂಡು ಸೇಡಂ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಗೊತ್ತುಮಾಡಿ, ‘ಕಲ್ಯಾಣಪ್ಪ ಸಿಮೆಂಟ್ ಏಜೆನ್ಸಿ’ ಎಂದು ಬೋರ್ಡೂ ಬರೆಸಿಬಿಟ್ಟಿದ್ದ. ಬೋರ್ಡು ಪಡಸಾಲೆಯ ಗೋಡೆಗೊರಗಿ ಬಂದವರಿಗೆಲ್ಲಾ ಕಾಣುತ್ತಿತ್ತು. ಈಗ ಸೌದಾ ಮುರಿದರೆ ಓಣಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ?

ಎಲ್ಲರೂ ಹೊಲದಲ್ಲೇ ಕೂತು ಉಣ್ಣುವ ಎಳ್ಳಮಾಸಿಯ ದಿನವೇ ಸರ್ವೇ ಇಟ್ಟುಕೊಂಡದ್ದು ಅವನದೇ ಹಂಚಿಕೆ. ಹಬ್ಬಕ್ಕೆ ಹೊಲಕ್ಕೆ ಬಂದವರು ಖುಷಿಯಲ್ಲಿರುತ್ತಾರೆ, ತಕರಾರು ತೆಗೆಯುವುದಿಲ್ಲ ಎಂಬ ಲೆಕ್ಕ. ಅನಸೂಯಾಬಾಯಿಯೂ ಎಂದಿನಂತೆ ಸೇಡಂನಿಂದ ಆಟೋದಲ್ಲಿ ಬಂದಿದ್ದರು. ರಿಟೈರಾದ ಟೀಚರು, ಮಡಿಯವರು. ಪ್ರತಿ ವರ್ಷ ಕರೆದ ಕೂಡಲೇ ಬಂದು, ಬೇವಿನ ಗಿಡದ ನೆರಳಲ್ಲಿ ಹೊಲದತ್ತ ಮುಖ ಮಾಡಿ ಕೂತು, ಒಂದು ತುತ್ತೂ ಬಾಯಿಗಿಡದೆ, ಹಸಿ ಕಡಲೆ ಗಿಡದ ಕಟ್ಟು ಹಿಡಿದು ಹೋಗುವವರು. ಭಾಳ ಸಂಭಾವಿತ ಹೆಂಗಸು ಎಂದು ಕಲ್ಯಾಣಪ್ಪ ಊರೆಲ್ಲಾ ಹೊಗಳುತ್ತಿದ್ದ.

“ಕಲ್ಲಿಲ್ಲಂದ್ರ ಇಬ್ಬರೂ ಕೂಡಿ ತೋರಿಸಿದ ಜಾಗಾ ನಡೀತದ್ರಿ,” ಎಂದ ವಿಠ್ಠಲ್. “ಇಲ್ಲಾಂದ್ರ ಸರ್ಕಾರಿ ಮೋಜಣಿಗೆ ಅರ್ಜಿ ಹಾಕ್ರಿ. ಅದು ಯಾವಾಗ ಆಗ್ತದೋ ದೇವರಿಗೇ ಗೊತ್ತು. ಸಂಜಿ ಒಳಗ ಎಸ್‌ಟಿಡಿ ಬೂತಿಂದ ಶೌಕತಸಾಬ್ರಿಗೆ ಫೋನ್ ಹಚ್ಚಬೇಕು ನಾ.”

ಕಲ್ಯಾಣಪ್ಪ ಜೋಳದ ಕೊನೆಯ ಸಾಲಿಗೆ ಬೆರಳು ತೋರಿಸಿದ. “ಇದೇ ಹದ್ದು. ಅಲ್ಲೇನ್ರಿ ಬಾಯಾರ?”

ಅನಸೂಯಾಬಾಯಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. “ಇನ್ನೂ ಚರಗ ಚೆಲ್ಲಿಲ್ಲಲ್ಲ ಕಲ್ಯಾಣಪ್ಪಾ? ಚೆಲ್ಲು. ನೀ ಎಲ್ಲಿ ಚರಗ ಚೆಲ್ಲತಿ, ಅಲ್ಲೇ ನನ್ನ ಹದ್ದು. ಎಲ್ಲಿ ಬೇಕಲ್ಲಿ ಸಹಿ ಮಾಡ್ತೀನಿ.”

“ಇದು ಛಲೋ ಆಯ್ತು,” ಎಂದು ವಿಠ್ಠಲ್ ಸುಣ್ಣದ ಚೀಲ ಎತ್ತಿಕೊಂಡ. “ನೀವು ನಡೀರಿ, ನಾ ಹಿಂದ ಗೆರಿ ಹಾಕ್ಕೋತ ಬರ್ತೀನಿ.”

ಕಲ್ಯಾಣಪ್ಪನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕಾಳು, ಸೊಪ್ಪು ಬೇಯಿಸಿದ ಭಜ್ಜಿ, ಕಡುಬು ಕಲಸಿದ ಚರಗದ ಬುಟ್ಟಿ ಹಿಡಿದು, ತನ್ನ ಹೊಲದ ಸುತ್ತ ಭೂಮಿತಾಯಿಗೆಂದು ಚೆಲ್ಲುತ್ತಾ ಬರುವವನು ಅವನು. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬರುವವಳು ಅವ್ವ ಗುರುಲಿಂಗಮ್ಮ. ಬೇರೆಯವರ ನೆಲಕ್ಕೆ ಚರಗ ಬಿದ್ದರೆ ನಮ್ಮ ನೆಲ ಮುನಿಸಿಕೊಳ್ಳುತ್ತದೆ ಎಂದು ಚಿಕ್ಕಂದಿನಲ್ಲೇ ಅವ್ವ ಹೆದರಿಸಿ ಇಟ್ಟಿದ್ದಳು. ಆ ಹೆದರಿಕೆಯನ್ನಾದರೂ ನೋಡಿ, ವರ್ಷವಿಡೀ ಆ ಪಟ್ಟಿಯಲ್ಲಿ ಉತ್ತು ಬಿತ್ತುವ ಮನುಷ್ಯ ಹಬ್ಬದ ದಿನ ಒಮ್ಮೆಯೂ ಅಲ್ಲಿಗೆ ಚರಗ ಚೆಲ್ಲಿರಲಿಲ್ಲ. ಎದೆಯೆತ್ತರದ ಜೋಳದ ನಡುವೆಯೇ ಹಳೆಯ ಹದ್ದು ಬಂದ ಕೂಡಲೇ ತಿರುಗಿಬಿಡುತ್ತಿದ್ದ. ಹಬ್ಬದ ಗದ್ದಲದಲ್ಲಿ ಇದನ್ನೆಲ್ಲಾ ಯಾರು ನೋಡುತ್ತಾರೆ ಎಂದುಕೊಂಡಿದ್ದ.

ಇವತ್ತೊಂದು ದಿನ, ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬುಟ್ಟಿ ಎತ್ತಿದ. ಉಳಿದ ಮೂರು ಕಡೆಯ ಹದ್ದು ಮುಗಿದು ಆ ತಿರುವು ಬಂತು. ಕಲ್ಯಾಣಪ್ಪ ತಿರುಗಲಿಲ್ಲ, ನೆಟ್ಟಗೆ ಪಟ್ಟಿ ದಾಟಿ ಕೊನೆಯ ಸಾಲಿಗೆ ಹೋಗಿ ನಿಂತ. ಬುಟ್ಟಿಗೆ ಕೈ ಹಾಕಿದ. ಭಜ್ಜಿ ಮುಷ್ಟಿಗೆ ಬಂತು, ಮುಷ್ಟಿ ಬಿಚ್ಚಲಿಲ್ಲ. ಹಿಂದೆ ನೀರಿನ ಸದ್ದೂ ಇಲ್ಲ. ಹೊರಳಿ ನೋಡಿದರೆ, ಕಣ್ಣು ಮಂಜಾದ ಮುದುಕಿ ಹಳೆಯ ತಿರುವಿನಲ್ಲೇ ತಂಬಿಗೆ ಹಿಡಿದು ನಿಂತಿದ್ದಳು.

“ಅಲ್ಲೇನು ಮಾಡಾಕತ್ತೀಯೋ ಯಪ್ಪಾ?” ಎಂದಳು ಗುರುಲಿಂಗಮ್ಮ. “ನಮ್ಮ ಹೊಲ ಇಲ್ಲಿಗೇ ಮುಗೀತಲ್ಲ.”

ಸುಣ್ಣದ ಚೀಲ ಹಿಡಿದ ವಿಠ್ಠಲ್ ತಾಯಿ ಮಗನ ನಡುವೆ ನಿಂತು ಅತ್ತ ಇತ್ತ ನೋಡಿದ. “ಎಲ್ಲಿ ಹಾಕಲ್ರಿ?”

ಪಡಸಾಲೆಯ ಬೋರ್ಡು ಕಲ್ಯಾಣಪ್ಪನ ಕಣ್ಣೆದುರು ಬಂತು. ತಲೆ ತಗ್ಗಿಸಿ, ಜೋಳ ಸರಿಸಿಕೊಳ್ಳುತ್ತಾ ಅವ್ವನ ಹತ್ತಿರ ವಾಪಸು ಬಂದ. ಅಲ್ಲಿ ಕೈ ಬಿಚ್ಚಿತು. ಭಜ್ಜಿಯ ಮೇಲೆ ಅವ್ವನ ನೀರು ಬಿತ್ತು, ಒದ್ದೆ ನೆಲದ ಮೇಲೆ ವಿಠ್ಠಲನ ಸುಣ್ಣ ಬಿತ್ತು. ಹಾಗೆಯೇ ಮೂವರೂ ರಸ್ತೆಯತನಕ ನಡೆದರು.

ಬೇವಿನ ಗಿಡದ ಕೆಳಗೆ ಅನಸೂಯಾಬಾಯಿ ಹಸಿ ಕಡಲೆ ಬಿಡಿಸುತ್ತಾ ಕೂತಿದ್ದರು. ಕಲ್ಯಾಣಪ್ಪ ಖಾಲಿ ಬುಟ್ಟಿ ಕೆಳಗಿಟ್ಟು, ನೆಲ ನೋಡುತ್ತಲೇ ಕೇಳಿದ, “ನಿಮಗ ಮದಲೇ ಗೊತ್ತಿತ್ತೇನ್ರಿ ಬಾಯಾರ?”

“ನಾ ಇಲ್ಲಿ ಊಟ ಮಾಡಂಗಿಲ್ಲ ಅಂತ ನಿನಗ ಗೊತ್ತದಲ್ಲ ಕಲ್ಯಾಣಪ್ಪಾ,” ಎಂದರು ಅವರು. “ಮತ್ತ ವರ್ಷಾ ಯಾಕ ಬರತಿದ್ದೆ ಅಂದ್ಕೊಂಡಿದ್ದಿ?”